ಆಡಮ್ ಬೀಡ್ ಆಡಿಯೋಬುಕ್ ಕೇಳುತ್ತಿದ್ದೇನೆ, ಊರಿನವರ ಮಾತೇ ಮುಗಿಯುತ್ತಿಲ್ಲ. ಸ್ಪೀಡ್ ಜಾಸ್ತಿ ಮಾಡಲಾ?

ಹೆಬ್ಬಾಳದ ಹುಡುಗಿ:

ಎಲ್ಲರಿಗೂ ನಮಸ್ಕಾರ. ಜಾರ್ಜ್ ಎಲಿಯಟ್ ಬರೆದ ‘ಆಡಮ್ ಬೀಡ್’ ಕಾದಂಬರಿಯನ್ನು ಆಡಿಯೋಬುಕ್‌ನಲ್ಲಿ ಕೇಳುತ್ತಿದ್ದೇನೆ. ದಿನಾ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್ ಕಡೆಗೆ 500ಡಿ ಬಸ್ಸಿನಲ್ಲಿ ಹೋಗುತ್ತೇನೆ. ಮಾರತ್ತಹಳ್ಳಿ ಬರುವಷ್ಟರಲ್ಲಿ ಒಂದು ಅಧ್ಯಾಯ ಮುಗಿಯುತ್ತದೆ, ಟ್ರಾಫಿಕ್ ಜಾಸ್ತಿ ಇದ್ದರೆ ಎರಡು. ನಾನು ಬಿ.ಕಾಂ. ಮಾಡಿದವಳು, ಇಂಗ್ಲಿಷ್ ಸಾಹಿತ್ಯವನ್ನು ತರಗತಿಯಲ್ಲಿ ಕೂತು ಓದಿದವಳಲ್ಲ. ಆದರೆ ಹಳ್ಳಿ ಕಥೆ ಅಂದರೆ ಚಿಕ್ಕಂದಿನಿಂದ ಪ್ರಾಣ. ಕಾರಂತರು, ಕುವೆಂಪು, ಗೊರೂರು ಎಲ್ಲರನ್ನೂ ಓದಿದ್ದೇನೆ. ಇಂಗ್ಲೆಂಡಿನ ಹಳ್ಳಿ ಹೇಗಿತ್ತು ನೋಡೋಣ ಅಂತ ಇದನ್ನು ಶುರು ಮಾಡಿದೆ.

ಮೊದಲ ಅಧ್ಯಾಯ ಸಕ್ಕತ್ತಾಗಿತ್ತು. 1799ರ ಜೂನ್ ತಿಂಗಳು, ಹೇಸ್ಲೋಪ್ ಅನ್ನುವ ಊರು, ಬಡಗಿಗಳು ಕೆಲಸ ಮಾಡುವ ಜಾಗ. ಐದು ಜನ ಬಾಗಿಲು ಕಿಟಕಿ ಮಾಡುತ್ತಿದ್ದಾರೆ. ಪೈನ್ ಮರದ ವಾಸನೆ. ಮರ ಕೆತ್ತಿದ ಸಿಪ್ಪೆಯ ರಾಶಿಯ ಮೇಲೆ ನಾಯಿ ಮಲಗಿದೆ. ಆಡಮ್‌ನ ತಮ್ಮ ಸೇತ್ ‘ಬಾಗಿಲು ಮುಗಿಯಿತು’ ಅನ್ನುತ್ತಾನೆ, ನೋಡಿದರೆ ಹಲಗೆಗಳನ್ನೇ ಕೂರಿಸಿಲ್ಲ, ಎಲ್ಲರೂ ಅವನನ್ನು ಹಿಡಿದು ನಗುತ್ತಾರೆ. ಅಲ್ಲಿಂದ ಮುಂದೆ ಮಾತು, ಮಾತು, ಬರೀ ಮಾತು. ಊರ ಬಯಲಿನಲ್ಲಿ ಡೈನಾ ಅನ್ನುವ ಬೋಧಕಿ ಉಪದೇಶ ಮಾಡುತ್ತಾಳೆ, ಅದು ಉದ್ದ. ಪಾದ್ರಿ ಮನೆಯಲ್ಲಿ ಮಾತು. ಹಾಲ್ ಫಾರ್ಮ್ ಅನ್ನುವ ರೈತರ ಮನೆಯ ಅಡುಗೆಮನೆಯಲ್ಲಿ ಮನೆಯೊಡತಿ ಮಿಸೆಸ್ ಪಾಯ್ಸರ್ ಬಾಯಿ ತೆರೆದರೆ ನಿಲ್ಲಿಸುವುದಿಲ್ಲ. ಹಳ್ಳಿಯವರು ಆಡುವ ಇಂಗ್ಲಿಷ್ ನನಗೆ ಅರ್ಧಂಬರ್ಧ ಅರ್ಥವಾಗುತ್ತದೆ.

ಆಫೀಸಿನ ಗೆಳತಿ ಒಬ್ಬಳು, ಒಂದೂವರೆ ಪಟ್ಟು ಸ್ಪೀಡ್ ಇಟ್ಟುಕೋ ಅನ್ನುತ್ತಾಳೆ. ಇಲ್ಲ ಅಂದರೆ ಸಂಕ್ಷಿಪ್ತ ಆವೃತ್ತಿ ಕೇಳು, ಪೂರ್ತಿ ಕೇಳೋಕೆ ಸುಮಾರು 20 ಗಂಟೆ ಬೇಕು ಅನ್ನುತ್ತಾಳೆ. ಕೇಳಿದವರು ಹೇಳಿ, ಏನು ಮಾಡಲಿ? ಕಥೆ ಏನು, ಹೆಟ್ಟಿಗೆ ಏನಾಗುತ್ತದೆ ಅಂತ ನನಗೆ ಆಗಲೇ ಗೊತ್ತು. ಆದ್ದರಿಂದ ಮುಚ್ಚಿಡದೆ ಮಾತಾಡಬಹುದು. (ಬೇರೆಯವರು ಮೊದಲ ಸಲ ಓದುವವರಾದರೆ ಇಲ್ಲಿಂದ ಕೆಳಗೆ ನೋಡಬೇಡಿ.)

ಬಸವನಗುಡಿ ಓದುಗ:

ಸ್ಪೀಡ್ ಮುಟ್ಟಬೇಡಿ ಮೇಡಂ. ಸಂಕ್ಷಿಪ್ತ ಆವೃತ್ತಿಯಂತೂ ಬೇಡವೇ ಬೇಡ.

ಸಂಕ್ಷಿಪ್ತ ಮಾಡುವವರು ಏನನ್ನು ಉಳಿಸಿಕೊಳ್ಳುತ್ತಾರೆ ನೋಡಿ. ಜಮೀನ್ದಾರನ ಮೊಮ್ಮಗ ಆರ್ಥರ್, ಬೆಣ್ಣೆ ತೆಗೆಯುವ ಚೆಲುವೆ ಹೆಟ್ಟಿ, ತೋಪಿನಲ್ಲಿ ಕದ್ದು ಭೇಟಿ, ಆಡಮ್ ಜೊತೆ ಹೊಡೆದಾಟ, ಮಗು, ಕೋರ್ಟು, ಮರಣದಂಡನೆ. ಇಷ್ಟು ಉಳಿದರೆ ಕಥೆ ಉಳಿಯಿತು ಅಂತ ಅವರ ಲೆಕ್ಕ. ಆದರೆ ದೊಡ್ಡ ಮನೆ ಹುಡುಗ ಬಡ ಹುಡುಗಿಗೆ ಕೈ ಕೊಡುವ ಕಥೆ ಎಲ್ಲ ಊರಲ್ಲೂ ಇದೆ, ಅದಕ್ಕೆ ಎಲಿಯಟ್ ಬೇಕಾಗಿಲ್ಲ. ಇಲ್ಲಿ ವಿಶೇಷ ಏನಂದರೆ, ಹೆಟ್ಟಿ ತನ್ನ ಮಗುವನ್ನು ಕೊಂದ ಆರೋಪದಲ್ಲಿ ಸಿಕ್ಕಿಬಿದ್ದ ಸುದ್ದಿ ಊರಿಗೆ ಬಂದು ಬಿದ್ದಾಗ ಯಾರು ಯಾರಿಗೆ ಏಟು ತಗಲುತ್ತದೆ ಅಂತ ನಮಗೆ ಒಬ್ಬೊಬ್ಬರ ಹೆಸರು ಹಿಡಿದು ಗೊತ್ತಿರುತ್ತದೆ. ಆ ಗೊತ್ತಾಗುವ ಕೆಲಸವನ್ನೇ ನೀವು ಈಗ ಬಸ್ಸಿನಲ್ಲಿ ಕೂತು ಮಾಡುತ್ತಿರುವುದು.

ಒಂದು ಜಾಗ ಹೇಳುತ್ತೇನೆ. ಹೆಟ್ಟಿಯ ಸೋದರಮಾವ ಮಾರ್ಟಿನ್ ಪಾಯ್ಸರ್ ಒಳ್ಳೆಯ ಮನುಷ್ಯ, ನಗುಮುಖದವನು. ಅವನ ಹೆಂಡತಿ ಎಂಥವಳು ಅಂತ ನಿಮಗೆ ಈಗ ಗೊತ್ತಾಗಿದೆ, ಕೆಲಸದ ಹುಡುಗಿಯಿಂದ ಹಿಡಿದು ಜಮೀನ್ದಾರನ ತನಕ ಯಾರನ್ನೂ ಬಿಡುವವಳಲ್ಲ. ಸುದ್ದಿ ಬಂದ ದಿನ ಏನಾಗುತ್ತದೆ? ಕಲ್ಲಾಗುವವನು ಗಂಡ. ಹೆಟ್ಟಿಯ ಮುಖ ಇನ್ನು ನೋಡುವುದಿಲ್ಲ ಅನ್ನುತ್ತಾನೆ. ತಲೆಮಾರುಗಳಿಂದ ಉತ್ತ ನೆಲ ಬಿಟ್ಟು ಹೋಗಬೇಕು, ಈ ಊರಲ್ಲಿ ತಲೆ ಎತ್ತಿ ನಡೆಯುವುದು ಹೇಗೆ ಅನ್ನುತ್ತಾನೆ. ಹೆಂಡತಿ ಅವನಿಗಿಂತ ಮೆತ್ತಗಾಗಿರುತ್ತಾಳೆ, ಪಾದ್ರಿಗೂ ಅದು ಆಶ್ಚರ್ಯ. ಆ ಅಡುಗೆಮನೆಯಲ್ಲಿ ನೀವು ಗಂಟೆಗಟ್ಟಲೆ ಕೂತು ಅವಳ ಬಾಯಿ ಕೇಳಿದ್ದರೆ ಮಾತ್ರ ಈ ಜಾಗ ಎದೆಗೆ ತಟ್ಟುತ್ತದೆ. ಇಲ್ಲದಿದ್ದರೆ ಅದು ಬರೀ ಸುದ್ದಿ.

ಸ್ಪೀಡ್ ವಿಷಯಕ್ಕೆ ಬಂದರೆ, ಮುಂದೆ ಹೆಟ್ಟಿ ಒಬ್ಬಳೇ ಆರ್ಥರ್‌ನನ್ನು ಹುಡುಕಿಕೊಂಡು ವಿಂಡ್ಸರ್ ತನಕ ಹೋಗುವ ಎರಡು ಅಧ್ಯಾಯಗಳಿವೆ. ಅಲ್ಲಿ ಹೋದರೆ ಅವನ ಪಡೆ ಐರ್ಲೆಂಡಿಗೆ ಹೊರಟು ಹೋಗಿದೆ. ಬಸುರಿ, ಕೈಯಲ್ಲಿ ದುಡ್ಡು ಖಾಲಿ, ಮನೆಗೆ ಹೋಗುವ ಹಾಗಿಲ್ಲ. ರಾತ್ರಿ ಒಂದು ಕೊಳದ ಹತ್ತಿರ ಹೋಗಿ ಕೂರುತ್ತಾಳೆ, ಬೀಳಲು ಆಗುವುದಿಲ್ಲ, ಕತ್ತಲಲ್ಲಿ ತಡಕಾಡಿಕೊಂಡು ಕುರಿಹಟ್ಟಿಯ ಗುಡಿಸಲು ಹುಡುಕಿ ಹುಲ್ಲಿನ ಮೇಲೆ ಮಲಗುತ್ತಾಳೆ. ಅಷ್ಟೇ. ಅಲ್ಲಿ ಘಟನೆ ಏನೂ ಇಲ್ಲ, ನಡಿಗೆ ಇದೆ, ಚಳಿ ಇದೆ, ಬದುಕಬೇಕು ಅನ್ನುವ ಆಸೆ ಇದೆ. ಅದನ್ನು ಒಂದೂವರೆ ಪಟ್ಟು ಓಡಿಸಿದರೆ ಆ ಹುಡುಗಿಯೂ ಓಡಿದ ಹಾಗೆ ಕೇಳುತ್ತದೆ. ಅವಳ ಕಾಲಿನಲ್ಲಿ ಓಡುವ ಶಕ್ತಿ ಎಲ್ಲಿದೆ?

ಮಲ್ಲೇಶ್ವರಂ ಮಿಂಚು:

ಮೇಲಿನವರ ಮಾತು ಅರ್ಧ ಒಪ್ಪುತ್ತೇನೆ. ಸಂಕ್ಷಿಪ್ತ ಬೇಡ, ಸರಿ. ಆದರೆ ವಿಕ್ಟೋರಿಯನ್ ಹಳ್ಳಿ ಕಾದಂಬರಿಯನ್ನು ಮೊದಲ ಸಲ ಕಿವಿಯಲ್ಲಿ ಕೇಳುವವರಿಗೆ 55 ಅಧ್ಯಾಯ, ಆಮೇಲೆ ಒಂದು ಉಪಸಂಹಾರ, ಇಷ್ಟು ದೊಡ್ಡದನ್ನು ಯಾಕೆ ಕೊಡಬೇಕು? ಅದೇ ಎಲಿಯಟ್ ಅವರ ‘ಸೈಲಾಸ್ ಮಾರ್ನರ್’ ಇದೆ. 1861ರದ್ದು, ಆಡಮ್ ಬೀಡ್ ಬಂದು ಎರಡೇ ವರ್ಷಕ್ಕೆ ಬಂತು. ಪೂರ್ತಿ ಕೇಳಲು ಏಳು ಗಂಟೆ ಆಸುಪಾಸು. ಕೂಡಿಟ್ಟ ಚಿನ್ನ ಕಳೆದುಕೊಂಡ ನೇಕಾರ, ಅವನ ಒಲೆ ಮುಂದೆ ಬಂದು ಮಲಗಿದ ಒಂದು ಮಗು. ಕಥೆ ಕೈ ಬಿಡುವುದೇ ಇಲ್ಲ.

ಅದರ ಆರನೇ ಅಧ್ಯಾಯ ಒಂದನ್ನೇ ಕೇಳಿ ನೋಡಿ. ರೇನ್‌ಬೋ ಅನ್ನುವ ಹೆಂಡದಂಗಡಿಯಲ್ಲಿ ಊರ ಗಂಡಸರು ಸೇರಿದ್ದಾರೆ. ಕಟುಕ, ಲಾಳ ಕಟ್ಟುವವನು, ಚರ್ಚಿನ ಗುಮಾಸ್ತಿಕೆ ಮಾಡುವ ಮುದುಕ ದರ್ಜಿ. ಮೊದಲು ಒಂದು ಹಸುವಿನ ಬಗ್ಗೆ ಜಗಳ. ಆಮೇಲೆ ಹಳೇ ಮದುವೆಯ ಕಥೆ. ಆಮೇಲೆ ದೆವ್ವ ಇದೆಯೋ ಇಲ್ಲವೋ ಅಂತ ಬಾಜಿ ಕಟ್ಟುವ ತನಕ ವಾದ. ಮುಂದಿನ ಅಧ್ಯಾಯ ಶುರುವಾಗುತ್ತಿದ್ದ ಹಾಗೇ ಸೈಲಾಸ್ ಬಂದು ನಿಲ್ಲುತ್ತಾನೆ, ಎಲ್ಲರಿಗೂ ದೆವ್ವವನ್ನೇ ನೋಡಿದ ಹಾಗಾಗುತ್ತದೆ. ಪುಸ್ತಕದಲ್ಲಿ ಓದಿದಾಗ ಈ ಅಧ್ಯಾಯ ನನಗೆ ಅಷ್ಟು ಹಿಡಿಸಿರಲಿಲ್ಲ. ಓದುವವನು ಒಬ್ಬೊಬ್ಬರಿಗೂ ಒಂದೊಂದು ದನಿ ಕೊಟ್ಟು ಹೇಳಿದ ಮೇಲೆ ಅದೇ ನನ್ನ ಅಚ್ಚುಮೆಚ್ಚಿನ ಅಧ್ಯಾಯ.

ಹಾಡು ಸಂಗೀತ ಇಷ್ಟ ಇದ್ದರೆ ಥಾಮಸ್ ಹಾರ್ಡಿಯ ‘ಅಂಡರ್ ದ ಗ್ರೀನ್‌ವುಡ್ ಟ್ರೀ’ ಕೂಡ ಚಿಕ್ಕದು, 1872ರದ್ದು. ಊರ ಚರ್ಚಿನಲ್ಲಿ ಪಿಟೀಲು ಬಾರಿಸುವ ಹಳ್ಳಿಯ ತಂಡವನ್ನು ಪಕ್ಕಕ್ಕೆ ಸರಿಸಿ, ಅವರ ಜಾಗಕ್ಕೆ ಆರ್ಗನ್ ತರುವ ಕಥೆ. ಇವುಗಳಲ್ಲಿ ಒಂದನ್ನು ಮುಗಿಸಿ ಆಮೇಲೆ ಆಡಮ್ ಬೀಡ್‌ಗೆ ಬನ್ನಿ, ಕಿವಿ ಹದವಾಗಿರುತ್ತದೆ.

ಅಡುಗೆಮನೆ ರೇಡಿಯೋ:

ಶುರು ಮಾಡಿದ್ದನ್ನು ಬಿಡಬೇಡಿ ಅಂತ ನನ್ನ ಮಾತು. ಹಳ್ಳಿಯ ಇಂಗ್ಲಿಷ್‌ಗೆ ಹೆದರಬೇಕಾಗಿಲ್ಲ. ನಾನು ಹುಟ್ಟಿ ಬೆಳೆದಿದ್ದು ರಾಜಾಜಿನಗರ, ಮದುವೆಯಾಗಿ ಹೋಗಿದ್ದು ಕುಂದಾಪುರದ ಕಡೆಯ ಮನೆಗೆ. ಅತ್ತೆ ನಾದಿನಿ ಮಾತಾಡುತ್ತಿದ್ದರೆ ಮೊದಮೊದಲು ಒಂದು ಪದವೂ ಸಿಕ್ಕುತ್ತಿರಲಿಲ್ಲ, ಆದರೆ ಯಾರಿಗೆ ಕೋಪ, ಯಾರಿಗೆ ನಗು ಅನ್ನುವುದು ದನಿಯಲ್ಲೇ ಗೊತ್ತಾಗುತ್ತಿತ್ತು. ಪದಗಳು ಆಮೇಲೆ ತಾವಾಗಿ ಬಂದವು. ಇದೂ ಹಾಗೇ. ಪುಸ್ತಕದಲ್ಲಿ ಆ ಮಾತು ಓದುವಾಗ ಕಾಗುಣಿತವೇ ಅಡ್ಡ ಬರುತ್ತದೆ, ಅಕ್ಷರ ಅಕ್ಷರ ಜೋಡಿಸಬೇಕು. ಓದುವವರು ಸರಿಯಾಗಿ ಉಚ್ಚರಿಸಿದರೆ ಕಿವಿಗೆ ಆ ತೊಂದರೆಯೇ ಇಲ್ಲ. ಈ ಒಂದು ವಿಷಯದಲ್ಲಿ ಆಡಿಯೋ ಪುಸ್ತಕಕ್ಕಿಂತ ಮೇಲು ಅಂತ ಧೈರ್ಯವಾಗಿ ಹೇಳುತ್ತೇನೆ.

ನಾನು ಕೇಳಿದ್ದು ಅಡುಗೆ ಮಾಡುತ್ತಾ. ಕುಕ್ಕರ್ ಕೂಗಿದಾಗ ನಿಲ್ಲಿಸಿ, ಮತ್ತೆ ಹಿಂದಕ್ಕೆ ಹಾಕಿ ಕೇಳುತ್ತಿದ್ದೆ. ಮಿಸೆಸ್ ಪಾಯ್ಸರ್ ಸುಮ್ನೆ ವಟಗುಟ್ಟುತ್ತಾಳೆ ಅಂದುಕೊಳ್ಳಬೇಡಿ. ಅವಳು ಮಾತಾಡುವಾಗ ಕೈಯಲ್ಲಿ ಯಾವಾಗಲೂ ಒಂದು ಕೆಲಸ ಇರುತ್ತದೆ, ಇಸ್ತ್ರಿಯೋ ಹೆಣಿಗೆಯೋ, ಜೊತೆಗೆ ಪುಟ್ಟ ಮಗಳು ಟಾಟಿಯ ರಗಳೆ. 32ನೇ ಅಧ್ಯಾಯಕ್ಕೆ ಕಾಯಿರಿ. ಮುದಿ ಜಮೀನ್ದಾರ ನಗುನಗುತ್ತಾ ಬರುತ್ತಾನೆ. ಸ್ವಲ್ಪ ಉಳುವ ನೆಲ ಬಿಟ್ಟುಕೊಡಿ, ಬದಲಿಗೆ ಹುಲ್ಲುಗಾವಲು ತೆಗೆದುಕೊಳ್ಳಿ, ನಿಮ್ಮ ಹಾಲು ಬೆಣ್ಣೆ ಅಷ್ಟು ಚೆನ್ನ ಅಂತ ಹೊಗಳುತ್ತಾನೆ. ಗಂಡ ಯೋಚನೆ ಮಾಡುತ್ತಾ ನಿಂತಿರುತ್ತಾನೆ. ಅವಳಿಗೆ ಮಾತ್ರ ತಕ್ಷಣ ಲೆಕ್ಕ ಹೊಳೆಯುತ್ತದೆ: ಹಸು ಜಾಸ್ತಿ ಆದರೆ ಹಾಲು ಕರೆಯುವುದು, ಕೆನೆ ತೆಗೆಯುವುದು, ಚೀಸ್ ಒತ್ತುವುದು ಎಲ್ಲ ಬೀಳುವುದು ತನ್ನ ತಲೆಗೆ, ಲಾಭ ಆ ಜಮೀನ್ದಾರನಿಗೆ. ಮನೆ ಬಿಡಿಸಿಬಿಡುತ್ತಾನೆ ಅಂತ ಗೊತ್ತಿದ್ದೂ ಅವನ ಮುಖದ ಮುಂದೆ ಎಲ್ಲ ಹೇಳಿಬಿಡುತ್ತಾಳೆ. ಅವನು ಕುದುರೆ ಹತ್ತಿ ಹೊರಟರೂ ಬಿಡುವುದಿಲ್ಲ. ನಾನು ಒಲೆ ಆರಿಸಿ ಅಲ್ಲೇ ನಿಂತು ಕೇಳಿದೆ. ಮನೆಗೆಲಸದ ಲೆಕ್ಕ ಹೆಂಗಸಿಗೆ ಗೊತ್ತಿರುವ ಹಾಗೆ ಬೇರೆ ಯಾರಿಗೂ ಗೊತ್ತಿಲ್ಲ ಅನ್ನುವುದನ್ನು 1859ರಲ್ಲೇ ಇಷ್ಟು ಖಡಕ್ಕಾಗಿ ಬರೆದವರು ಒಬ್ಬ ಹೆಂಗಸೇ ಅಲ್ವಾ.

ಹೆಬ್ಬಾಳದ ಹುಡುಗಿ:

ಎಲ್ಲರಿಗೂ ಥ್ಯಾಂಕ್ಸ್. ಸ್ಪೀಡ್ ಮಾಮೂಲಿಯಲ್ಲೇ ಇಟ್ಟಿದ್ದೇನೆ. ಮಲ್ಲೇಶ್ವರಂ ಅವರೇ, ಸೈಲಾಸ್ ಮಾರ್ನರ್ ಇದರ ನಂತರ ಖಂಡಿತ.

ನಿನ್ನೆ ರಾತ್ರಿ ಮನೆಯಲ್ಲಿ ನಾಲ್ಕನೇ ಅಧ್ಯಾಯವನ್ನು ಮತ್ತೆ ಕೇಳಿದೆ. ಬಸ್ಸಿನಲ್ಲಿ ಕಂಡಕ್ಟರ್ ವಿಸಿಲ್ ಮಧ್ಯೆ ಅದು ಪೂರ್ತಿ ತಪ್ಪಿ ಹೋಗಿತ್ತು. ಅಪ್ಪ ಒಪ್ಪಿಕೊಂಡ ಶವಪೆಟ್ಟಿಗೆಯನ್ನು ಮಾಡದೆ ಕುಡಿಯಲು ಹೋಗಿದ್ದಾನೆ, ಬೆಳಗ್ಗೆಗೆ ಕೊಡಬೇಕು, ಆಡಮ್ ಸಿಟ್ಟಿನಲ್ಲಿ ರಾತ್ರಿಯೆಲ್ಲ ಕೂತು ತಾನೇ ಮಾಡುತ್ತಾನೆ. ಆಗ ಬಾಗಿಲಿಗೆ ಬೆತ್ತದಲ್ಲಿ ಹೊಡೆದ ಹಾಗೆ ಒಂದು ಸದ್ದು. ನಾಯಿ ಬೊಗಳುವುದಿಲ್ಲ, ಊಳಿಡುತ್ತದೆ. ತೆಗೆದು ನೋಡಿದರೆ ಯಾರೂ ಇಲ್ಲ. ಮತ್ತೆ ಕೆಲಸಕ್ಕೆ ಕೂತರೆ ಮತ್ತೆ ಅದೇ ಸದ್ದು. ಮೈ ಜುಮ್ಮೆಂದಿತು. ಬೆಳಗ್ಗೆ ಅಪ್ಪನ ಹೆಣ ಹಳ್ಳದಲ್ಲಿ ಸಿಗುತ್ತದೆ. ಬಸ್ಸಿಗೂ ಮನೆಗೂ ಇಷ್ಟು ವ್ಯತ್ಯಾಸ ಇರುತ್ತದೆ ಅಂತ ಗೊತ್ತಿರಲಿಲ್ಲ.

ಇನ್ನೊಂದು ಪ್ರಶ್ನೆ. ನಾನು ಕೇಳುತ್ತಿರುವುದರಲ್ಲಿ ಅಧ್ಯಾಯಕ್ಕೊಬ್ಬರು ಓದುತ್ತಾರೆ. ಒಬ್ಬರ ಬಾಯಲ್ಲಿ ಮಿಸೆಸ್ ಪಾಯ್ಸರ್ ಗಟ್ಟಿಗಿತ್ತಿ, ಇನ್ನೊಬ್ಬರ ಬಾಯಲ್ಲಿ ಸಪ್ಪೆ. ಹೀಗಿದ್ದರೆ ಪರವಾಗಿಲ್ವಾ, ಅಥವಾ ಒಬ್ಬರೇ ಓದಿದ್ದು ಹುಡುಕಲಾ?

ಹಳೇ ಮೇಷ್ಟ್ರು:

ನೋಡಮ್ಮ, ದೊಡ್ಡ ಗ್ರಂಥವನ್ನು ಕಿವಿಯಲ್ಲಿ ಕೇಳುವುದು ನಮಗೆ ಹೊಸದಲ್ಲ. ಕುಮಾರವ್ಯಾಸ ಭಾರತವನ್ನು, ಜೈಮಿನಿ ಭಾರತವನ್ನು ಹಳ್ಳಿಯ ಜನ ಗಮಕದಲ್ಲೇ ಕೇಳಿದ್ದು. ಅಕ್ಷರ ಬಾರದವರಿಗೂ ಭೀಮ ದುರ್ಯೋಧನರು ಮನೆಯವರಷ್ಟು ಗೊತ್ತಿದ್ದರು. ಗಮಕಿ ಒಬ್ಬರು ಹಾಡುತ್ತಾರೆ, ವ್ಯಾಖ್ಯಾನ ಮಾಡುವವರು ನಿಲ್ಲಿಸಿ ನಿಲ್ಲಿಸಿ ಅರ್ಥ ಹೇಳುತ್ತಾರೆ. ನಿನಗೆ ಇಲ್ಲಿ ಗಮಕಿ ಇದ್ದಾರೆ, ವ್ಯಾಖ್ಯಾನದವರು ಇಲ್ಲ. ಅದಕ್ಕೇ ದಾರಿ ತಪ್ಪಿದ ಹಾಗನ್ನಿಸುವುದು. ಒಂದೊಂದು ಅಧ್ಯಾಯ ಆದ ಮೇಲೆ ನಿಲ್ಲಿಸಿ ಯಾರ ಹತ್ತಿರವಾದರೂ ಅದನ್ನು ಹೇಳು. ಅಮ್ಮನಿಗೋ ಆಫೀಸಿನ ಗೆಳತಿಗೋ ಹೇಳಿದರೂ ಸಾಕು, ಇಲ್ಲಿ ಬರೆದರೂ ಸಾಕು. ನಿನ್ನೆ ರಾತ್ರಿ ಕೇಳಿದ್ದನ್ನು ಈಗ ನೀನು ಇಲ್ಲಿ ಬರೆದೆಯಲ್ಲ, ಆ ಅಧ್ಯಾಯ ಇನ್ನು ಮರೆಯುವುದಿಲ್ಲ.

ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಲ್ಲೂ ಈ ಕಾದಂಬರಿಗಳನ್ನು ಸಂಜೆ ಮನೆಯಲ್ಲಿ ಒಬ್ಬರು ಓದಿ ಉಳಿದವರು ಕೇಳುವ ರೂಢಿ ಚೆನ್ನಾಗಿ ಇತ್ತು. ಹಾಗಾಗಿ ಕೇಳಿದರೆ ಓದಿದ ಹಾಗಲ್ಲ ಅಂತ ಯಾರಾದರೂ ಹೇಳಿದರೆ ತಲೆ ಕೆಡಿಸಿಕೊಳ್ಳಬೇಡ.

ಡೈನಾ ಉಪದೇಶ ಉದ್ದ ಅಂದೆಯಲ್ಲ, ಅದರ ಹಿಂದೆ ಒಂದು ನಿಜ ಸಂಗತಿ ಇದೆ. ಎಲಿಯಟ್ ಅವರ ನಿಜ ಹೆಸರು ಮೇರಿ ಆನ್ ಇವಾನ್ಸ್, 1819ರಲ್ಲಿ ವಾರ್ವಿಕ್‌ಶೈರ್‌ನಲ್ಲಿ ಹುಟ್ಟಿದವರು. ತಂದೆ ಮೊದಲು ಬಡಗಿ, ಆಮೇಲೆ ಜಮೀನ್ದಾರರ ಆಸ್ತಿ ನೋಡಿಕೊಳ್ಳುವವರಾದರು. ಆಡಮ್‌ನಲ್ಲಿ ಅವರ ಛಾಯೆ ಇದೆ. ಚಿಕ್ಕಮ್ಮ ಒಬ್ಬರು ಮೆಥಡಿಸ್ಟ್ ಅನ್ನುವ ಕ್ರೈಸ್ತ ಪಂಥದ ಬೋಧಕಿ. ಮಗುವನ್ನು ಕೊಂದ ಆರೋಪದ ಮೇಲೆ 1802ರಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ ಗಲ್ಲಿಗೇರಿದ ಒಬ್ಬ ಹುಡುಗಿಯ ಜೊತೆ ಆ ಚಿಕ್ಕಮ್ಮ ಜೈಲಿನಲ್ಲಿ ಕೂತು ಪ್ರಾರ್ಥನೆ ಮಾಡಿದ್ದರು, ಗಲ್ಲಿನ ಗಾಡಿಯಲ್ಲೂ ಜೊತೆಗೆ ಹೋಗಿದ್ದರು. ಈ ವಿಷಯವನ್ನು ಅವರ ಬಾಯಿಂದಲೇ ಕೇಳಿದ ಎಲಿಯಟ್ ಎಷ್ಟೋ ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡು ಕಾದಂಬರಿ ಮಾಡಿದರು. ಕಾದಂಬರಿಯಲ್ಲಿ ಹೆಟ್ಟಿಗೆ ಕೊನೆ ಗಳಿಗೆಯಲ್ಲಿ ಗಲ್ಲು ತಪ್ಪಿ ಗಡೀಪಾರಾಗುತ್ತದೆ, ನಿಜದ ಹುಡುಗಿಗೆ ಆ ಭಾಗ್ಯ ಇರಲಿಲ್ಲ. ಎರಡನೇ ಅಧ್ಯಾಯದಲ್ಲಿ ಊರ ಬಯಲಿನಲ್ಲಿ ನಿಂತು ಮಾತಾಡುವ ಆ ಮೆತ್ತನೆಯ ದನಿಯನ್ನು ನೀನು ಕಿವಿಯಲ್ಲಿ ಇಟ್ಟುಕೊಂಡಿರಬೇಕು. ಅದೇ ದನಿ ಕೊನೆಗೆ ಜೈಲಿನ ಕೋಣೆಗೆ ಬರುತ್ತದೆ, ಯಾರಿಗೂ ಬಾಯಿ ಬಿಡದ ಹೆಟ್ಟಿ ಆ ದನಿಯ ಮುಂದೆ ಎಲ್ಲ ಹೇಳುತ್ತಾಳೆ. ಉಪದೇಶ ಹಾರಿಸಿದವರಿಗೆ, ಇವಳಿಗೇ ಯಾಕೆ ಹೇಳಿದಳು ಅನ್ನುವುದು ತಿಳಿಯುವುದಿಲ್ಲ.

ನನ್ನ ಸ್ವಂತ ಮೆಚ್ಚುಗೆ ಬಾರ್ಟಲ್ ಮ್ಯಾಸಿಯ ರಾತ್ರಿ ಶಾಲೆ, 21ನೇ ಅಧ್ಯಾಯ. ಹಗಲೆಲ್ಲ ಕಲ್ಲು ಕೊಯ್ದು, ಇಟ್ಟಿಗೆ ಮಾಡಿ ದಣಿದ ಗಂಡಾಳುಗಳು ರಾತ್ರಿ ಬಂದು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾರೆ. ಮೇಷ್ಟ್ರು ಬೇರೆ ಕಡೆ ಸಿಡುಕ, ಅವರ ಮುಂದೆ ಮಾತ್ರ ಎಷ್ಟು ತಾಳ್ಮೆ! ಜೀವಮಾನವೆಲ್ಲ ಪಾಠ ಮಾಡಿದವನಿಗೆ ಅದು ತುಂಬಾ ಹತ್ತಿರ.

ಬಸವನಗುಡಿ ಓದುಗ:

ಓದುವವರ ಪ್ರಶ್ನೆಗೆ ಉತ್ತರ. ಅಧ್ಯಾಯಕ್ಕೊಬ್ಬರು ಅಂದರೆ ನೀವು ಕೇಳುತ್ತಿರುವುದು ಲಿಬ್ರಿವಾಕ್ಸ್‌ನದ್ದು ಇರಬೇಕು. 2005ರಲ್ಲಿ ಶುರುವಾದದ್ದು. ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಸ್ವಯಂಸೇವಕರು ಓದಿ ಉಚಿತವಾಗಿ ಕೊಡುತ್ತಾರೆ. ಆ ಕೆಲಸದ ಮೇಲೆ ನನಗೆ ತುಂಬಾ ಗೌರವ ಇದೆ. ಆದರೆ ಹಳ್ಳಿ ಕಾದಂಬರಿಗೆ ಮಾತ್ರ ಒಬ್ಬರೇ ಓದಿದ್ದು ಬೇಕೇ ಬೇಕು. ಊರು ನಮ್ಮ ತಲೆಯಲ್ಲಿ ಕಟ್ಟಿಕೊಳ್ಳುವುದು ದನಿಗಳಿಂದ, ಪ್ರತಿ ಅಧ್ಯಾಯಕ್ಕೂ ಅದೇ ಮನುಷ್ಯನ ದನಿ ಬದಲಾದರೆ ನಾವು ಮತ್ತೆ ಮತ್ತೆ ಪರಿಚಯ ಮಾಡಿಕೊಳ್ಳಬೇಕಾಗುತ್ತದೆ. ಲಿಬ್ರಿವಾಕ್ಸ್‌ನಲ್ಲೇ ಒಂದು ಪುಸ್ತಕಕ್ಕೆ ಎರಡು ಮೂರು ಓದುಗಳು ಇರುವುದುಂಟು, ಒಬ್ಬರೇ ಓದಿದ್ದಾದರೆ ಪುಟದಲ್ಲಿ ಒಂದೇ ಹೆಸರು ಇರುತ್ತದೆ. ದುಡ್ಡು ಕೊಟ್ಟು ಕೊಳ್ಳುವುದಾದರೆ ಮೊದಲು ಸ್ಯಾಂಪಲ್ ಕೇಳಿ. ‘ಪೂರ್ತಿ ಆವೃತ್ತಿ’ ಅಂತ ಬರೆದಿದೆಯಾ ನೋಡಿ. ಇಲ್ಲದಿದ್ದರೆ ಕೊಳ್ಳಬೇಡಿ.

ಜೊತೆಗೆ ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನುವ ಜಾಲತಾಣದಿಂದ ಪಠ್ಯವನ್ನೂ ಫೋನಿಗೆ ಇಳಿಸಿಕೊಳ್ಳಿ, ಅದೂ ಉಚಿತ. ಬಸ್ಸಿನಲ್ಲಿ ಒಂದು ಸಾಲು ತಪ್ಪಿಹೋದರೆ ಹುಡುಕಿ ನೋಡಬಹುದು. ಪುಸ್ತಕವೇ ಕೈಯಲ್ಲಿ ಬೇಕು ಅನ್ನಿಸಿದರೆ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಗಳಲ್ಲಿ ಕೇಳಿ ನೋಡಿ.

ಹೆಬ್ಬಾಳದ ಹುಡುಗಿ:

ಒಬ್ಬರೇ ಓದಿದ್ದು ಸಿಕ್ಕಿತು, ಇಳಿಸಿಕೊಂಡೆ. ಮೇಷ್ಟ್ರೇ, ಚಿಕ್ಕಮ್ಮನ ವಿಷಯ ಕೇಳಿ ಡೈನಾ ಅಧ್ಯಾಯಕ್ಕೆ ಮತ್ತೆ ಹೋಗುತ್ತಿದ್ದೇನೆ. ಕೊನೆಯದಾಗಿ ಒಂದೇ ಪ್ರಶ್ನೆ: 17ನೇ ಅಧ್ಯಾಯದಲ್ಲಿ ಕಥೆ ನಿಂತುಬಿಡುತ್ತದೆ, ಲೇಖಕಿಯೇ ಬಂದು ಮಾತಾಡುತ್ತಾರೆ ಅಂತ ಎಲ್ಲೋ ಓದಿದೆ. ಅದೊಂದನ್ನು ಹಾರಿಸಬಹುದಾ?

ಅಡುಗೆಮನೆ ರೇಡಿಯೋ:

ಹಾರಿಸಬೇಡಿ! ಚಿಕ್ಕ ಅಧ್ಯಾಯ ಅದು. ನಮ್ಮ ಪಾದ್ರಿ ಯಾಕೆ ದೊಡ್ಡ ದೊಡ್ಡ ಉಪದೇಶ ಮಾಡುವುದಿಲ್ಲ ಅಂತ ಓದುಗರು ಕೇಳಬಹುದು ಅಂದುಕೊಂಡು ಲೇಖಕಿ ನೇರವಾಗಿ ನಮ್ಮ ಜೊತೆ ಮಾತಿಗೆ ಇಳಿಯುತ್ತಾರೆ. ಜನ ಹೇಗಿದ್ದಾರೋ ಹಾಗೇ ಬರೆಯುತ್ತೇನೆ, ಅಲಂಕಾರ ಮಾಡುವುದಿಲ್ಲ ಅನ್ನುತ್ತಾರೆ. ಹಳೇ ಡಚ್ ಚಿತ್ರಗಳು ತನಗೆ ಯಾಕೆ ಇಷ್ಟ ಅಂತ ಹೇಳುತ್ತಾರೆ. ಕ್ಯಾರೆಟ್ ಹೆರೆಯುವ ಮುದುಕಿಯರು, ಒಬ್ಬಳೇ ಕೂತು ಊಟ ಮಾಡುವ ಹೆಂಗಸು, ಇಂಥವರ ಚಿತ್ರಗಳು. ಇದನ್ನು ಕೇಳಿದ ಮೇಲೆ ಹಾಲ್ ಫಾರ್ಮ್ ಮಾತುಗಳು ಉದ್ದ ಅನ್ನಿಸುವುದಿಲ್ಲ. ಅದನ್ನೂ ಬಸ್ಸಿನಲ್ಲಿ ಬೇಡ, ಭಾನುವಾರ ಮನೆಯಲ್ಲಿ ಕೇಳಿ, ಕೇಳಿದ ಮೇಲೆ ಇಲ್ಲಿ ಬಂದು ಬರೆಯಿರಿ.